ಸ್ಪಷ್ಟನೆ: 30 ದಿನ ಮೀರಿದ ಮಾತ್ರಕ್ಕೆ ಕೇಸ್ ಗೆದ್ದಂತಲ್ಲ

ಅಮೆರಿಕದಲ್ಲಿರುವ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: “ಉದ್ಯೋಗದಲ್ಲಿ ತಾರತಮ್ಯವಾಗಿದೆಯೆಂದು ಹೂಡಿದ ದಾವೆಯಲ್ಲಿ ಕಂಪನಿ 30 ದಿನದೊಳಗೆ ದಾಖಲೆ ಕೊಡದಿದ್ದರೆ ನೀವೇ ಗೆದ್ದಂತೆ.” ಕಳೆದ ವಾರ ನಾನೂ ಅದನ್ನು ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಆ ಸಂದೇಶ ಹೇಳುವುದು ‘ಡಿಸ್ಕವರಿ’ ಎಂಬ ಹಂತದ ಬಗ್ಗೆ. ಡಿಸ್ಕವರಿ ಅಂದರೆ ವಿಚಾರಣೆಗೆ ಮುನ್ನ ಎರಡೂ ಕಡೆಯವರು ದಾಖಲೆ, ಉತ್ತರಗಳನ್ನು ಪರಸ್ಪರ ಕೊಡುವ ಹಂತ. ಫೆಡರಲ್ ಕೋರ್ಟುಗಳ ಸಿವಿಲ್ ನಿಯಮ 33 ಮತ್ತು 34 ಇದಕ್ಕೆ ಸಾಮಾನ್ಯವಾಗಿ 30 ದಿನ ಕೊಡುತ್ತವೆ. ಅಷ್ಟು ನಿಜ. ಆದರೆ ಗಡುವು ಮೀರಿದರೆ ತಾನಾಗಿ ತೀರ್ಪು ಬರುವುದಿಲ್ಲ. ಮೊದಲು ಎದುರು ಪಕ್ಷದೊಂದಿಗೆ ಮಾತಾಡಿ ಬಗೆಹರಿಸಲು ನೋಡಬೇಕು. ಆಗದಿದ್ದರೆ ನಿಯಮ 37ರಡಿ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ನ್ಯಾಯಾಧೀಶರು ದಾಖಲೆ ಕೊಡುವಂತೆ ಆದೇಶಿಸುತ್ತಾರೆ, ವಕೀಲರ ಖರ್ಚನ್ನೂ ಹೊರಿಸಬಹುದು. ಕೇಸನ್ನೇ ಮುಗಿಸಿಬಿಡುವ ಶಿಕ್ಷೆ ಅಪರೂಪ.

ನನ್ನ ಕಳವಳ ಬೇರೆಯದು. ಇದೇ ಗಡುವು ದಾವೆ ಹೂಡಿದ ನೌಕರರಿಗೂ ಇದೆ. ನಿಯಮ 36ರಡಿ ಕಂಪನಿ “ಕೆಲಸ ಹೋದದ್ದು ಜನಾಂಗದ ಕಾರಣಕ್ಕಲ್ಲ, ಒಪ್ಪುತ್ತೀರಾ?” ಎಂಬಂಥ ಹೇಳಿಕೆ ಕಳಿಸಬಹುದು. 30 ದಿನ ಸುಮ್ಮನಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ! ಹಿಂತೆಗೆದುಕೊಳ್ಳಲು ಕೋರ್ಟಿನ ಅನುಮತಿ ಬೇಕು. ವಕೀಲರಿಲ್ಲದೆ ತಾವೇ ಕೇಸ್ ನಡೆಸುವವರು ಎಡವುವುದು ಇಲ್ಲೇ. ಸಮಯ ಸಾಲದಿದ್ದರೆ ಗಡುವಿಗೆ ಮುಂಚೆಯೇ ಲಿಖಿತವಾಗಿ ಹೆಚ್ಚಿನ ಕಾಲಾವಕಾಶ ಕೇಳಿ.

ರಾಜ್ಯ ಕೋರ್ಟುಗಳ ನಿಯಮ ಬೇರೆ. ನಿಮ್ಮ ವಕೀಲರನ್ನೇ ಕೇಳಿ. ಆ ಸಂದೇಶವನ್ನು ದಯವಿಟ್ಟು ಇನ್ನು ಯಾರಿಗೂ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆ ಹಾಕಿ.