ಹೌದು, ನನ್ನ ಗಾಡಿ ಕೆಸರಿಗೆ ಇಳಿದಿದೆ

ನನ್ನ ಟೊಯೋಟ ಲ್ಯಾಂಡ್ ಕ್ರೂಸರ್ ಗಾಡಿ ಮಾರಾಟಕ್ಕಿದೆ ಅಂತ ಹಾಕಿ ಹನ್ನೊಂದು ದಿನ ಆಯಿತು. ಫೋನ್ ಮಾಡಿದ ಹೆಚ್ಚಿನವರು ಎರಡು ಮಾತು ಆಡುವಷ್ಟರಲ್ಲಿ ಒಂದೇ ಪ್ರಶ್ನೆಗೆ ಬಂದರು. "ಸರ್, ಆಫ್‌ರೋಡ್‌ಗೆ ತಗೊಂಡು ಹೋಗಿದ್ದೀರಾ?" ಅಂದರೆ ರಸ್ತೆ ಬಿಟ್ಟು ಕೆಸರು, ಕಲ್ಲು, ಹಳ್ಳದ ದಾರಿಗೆ. ಹೌದು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಸರಿ ಸರ್, ಮನೇಲಿ ಮಾತಾಡಿ ಹೇಳ್ತೀನಿ." ಅವರಲ್ಲಿ ಯಾರೂ ಮತ್ತೆ ಫೋನ್ ಮಾಡಲಿಲ್ಲ. ಒಬ್ಬರಂತೂ ನನ್ನ ಒಳ್ಳೆಯದಕ್ಕೇ ಹೇಳಿದರು, "ಇಲ್ಲ ಅಂದುಬಿಡಿ ಸರ್, ಬೇಗ ಹೋಗುತ್ತೆ."

ನಾನು ಇಲ್ಲ ಅನ್ನುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಹಳೇ ಡೀಸೆಲ್ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವ) ಗಾಡಿ ನೋಡಲು ಹೊರಟವರು ಈ ಪ್ರಶ್ನೆ ಕೇಳಿ, "ಇಲ್ಲ, ಒಂದು ಸಲವೂ ಇಲ್ಲ" ಅನ್ನುವ ಉತ್ತರ ಸಿಕ್ಕರೆ ಖುಷಿಯಾಗಿ ದುಡ್ಡು ಕೊಟ್ಟು ಬರುತ್ತಾರೆ. ನಾನೂ ಹಾಗೇ ಕೊಟ್ಟು ಬಂದವನು. ಈಗಿನ ಗಾಡಿಗಲ್ಲ, ಅದಕ್ಕಿಂತ ಹಿಂದಿನದಕ್ಕೆ.

ಆ ಗಾಡಿ ನೋಡಿದ ದಿನ ಇನ್ನೂ ನೆನಪಿದೆ. ಬಾನೆಟ್ ತೆಗೆದರೆ ಇಂಜಿನ್ ಫಳಫಳ ಹೊಳೆಯುತ್ತಿತ್ತು. ಸೀಟಿನ ಮೇಲೆ ಕಂಪನಿಯ ಪ್ಲಾಸ್ಟಿಕ್ ಹಾಗೇ ಇತ್ತು. ಮಾರುವವರು ಒಳ್ಳೆಯವರೇ, ಸುಳ್ಳು ಹೇಳಲಿಲ್ಲ. ಪೇಟೆಯೊಳಗೆ ಬಿಟ್ಟರೆ ಎಲ್ಲೂ ಓಡಿಸಿಲ್ಲ, ಫೋರ್ ವೀಲ್ ಲಿವರ್ ಮುಟ್ಟೇ ಇಲ್ಲ ಅಂದರು. ಅದೆಲ್ಲ ನಿಜವೇ ಆಗಿತ್ತು. ಎರಡು ತಿಂಗಳ ನಂತರ ಮಳೆಯಲ್ಲಿ, ಒಂದು ಮಣ್ಣಿನ ಏರಿನಲ್ಲಿ, ಮನೆಯವರೆಲ್ಲ ಗಾಡಿಯಲ್ಲಿ ಕೂತಿರುವಾಗ ಆ ಲಿವರ್ ಹಿಡಿದು ಎಳೆದೆ. ಅದು ಅಲ್ಲಾಡಲೇ ಇಲ್ಲ. ಇಳಿದು ಮುಂದಿನ ಚಕ್ರದ ಹಬ್, ಅಂದರೆ ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಲಾಕ್, ತಿರುಗಿಸಲು ಹೋದರೆ ಅದೂ ಕಚ್ಚಿಕೊಂಡಿತ್ತು. ಒಂದು ಕಡೆಯದು ಕೊನೆಗೂ ತಿರುಗಿತು, ಇನ್ನೊಂದು ತಿರುಗಲಿಲ್ಲ. ಏರಿನಲ್ಲಿ ಹಿಂದಕ್ಕೆ ಜಾರುತ್ತಾ ಇಳಿದ ಆ ಹತ್ತು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ಆಮೇಲೆ ಬಿಚ್ಚಿ ನೋಡಿದ ಮೆಕ್ಯಾನಿಕ್ ತೋರಿಸಿದ್ದು ಒಣಗಿ ಗಟ್ಟಿಯಾದ ಗ್ರೀಸ್, ಬಿರುಕು ಬಿಟ್ಟ ಸೀಲ್‌ಗಳು, ತುಕ್ಕು ಹಿಡಿದ ಲಿಂಕೇಜ್. ಯಾರೂ ಹಾಳು ಮಾಡಿದ್ದಲ್ಲ. ಮುಟ್ಟದೇ ಇಟ್ಟಿದ್ದರಿಂದ ಹಾಳಾಗಿದ್ದು.

ಇದು ನನ್ನೊಬ್ಬನ ಅನುಭವ ಅಂತ ಅಂದುಕೊಳ್ಳಬೇಡಿ. ಟೊಯೋಟದ ಮಾಲೀಕರ ಕೈಪಿಡಿ ತೆಗೆದು ನೋಡಿ. ಪ್ರತಿ ತಿಂಗಳೂ ಕನಿಷ್ಠ 16 ಕಿಲೋಮೀಟರ್ ಫೋರ್ ವೀಲ್‌ನಲ್ಲಿ ಓಡಿಸಿ ಅಂತ ಗಾಡಿ ಮಾಡಿದವರೇ ಬರೆದಿದ್ದಾರೆ. ಕಾರಣ ಸರಳ. ಮುಂದಿನ ಆಕ್ಸಲ್, ಅದರ ಡಿಫರೆನ್ಷಿಯಲ್ (ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು), ಮುಂದಿನ ಪ್ರೊಪೆಲ್ಲರ್ ಶಾಫ್ಟ್ ತಿರುಗಿದರೆ ಮಾತ್ರ ಎಣ್ಣೆ ಮೇಲೆದ್ದು ಎಲ್ಲ ಕಡೆ ಹತ್ತುತ್ತದೆ. ಹಬ್ ಬಿಟ್ಟು ವರ್ಷಗಟ್ಟಲೆ ಓಡಿಸಿದರೆ ಅಲ್ಲಿ ಎಣ್ಣೆ ತಳದಲ್ಲಿ ನಿಂತಿರುತ್ತದೆ, ಮೇಲಿನ ಗೇರು ಬೇರಿಂಗು ಒಣಗುತ್ತವೆ. ಹಾಗಂತ ಒಣಗಿದ ಟಾರು ರಸ್ತೆಯಲ್ಲಿ ಹಾಕಿಕೊಂಡು ಓಡಿಸಬಾರದು. ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವ ಇಂಥ ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ಮಧ್ಯದ ಡಿಫರೆನ್ಷಿಯಲ್ ಇರುವುದಿಲ್ಲ, ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು, ಟೈರ್ ಜಾರದಿದ್ದರೆ ಆ ವ್ಯತ್ಯಾಸವೆಲ್ಲ ಗೇರುಗಳ ಮೇಲೆ ಬಿದ್ದು ಬಿಗಿಯುತ್ತದೆ. ಮಣ್ಣು, ಜಲ್ಲಿ, ಒದ್ದೆ ಹುಲ್ಲು, ಇಂಥ ಕಡೆಯೇ ಹಾಕಬೇಕು. ಅಂದರೆ ಗಾಡಿ ಚೆನ್ನಾಗಿರಬೇಕಾದರೆ ಆಗಾಗ ಮಣ್ಣಿಗೆ ಇಳಿಯಲೇಬೇಕು, ಅಲ್ವಾ?

ಈಗ ನನ್ನ ಗಾಡಿ. ಲ್ಯಾಂಡ್ ಕ್ರೂಸರ್ 70 ಸರಣಿಯದು. 1984ರಲ್ಲಿ ಶುರುವಾದ ಸರಣಿ ಇದು. 4.2 ಲೀಟರ್, ಆರು ಸಿಲಿಂಡರ್, ಟರ್ಬೊ ಇಲ್ಲದ 1ಎಚ್‌ಝಡ್ ಡೀಸೆಲ್ ಇಂಜಿನ್. ಪಿಕಪ್ ಕಡಿಮೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡಲು ಜಾಗ ನೋಡಿಕೊಂಡು ಕಾಯಬೇಕು. ಆದರೆ ನಿಧಾನಕ್ಕೆ, ಜಾಸ್ತಿ ಬಲದಿಂದ ಎಳೆಯುವ ಲೋ ರೇಂಜ್‌ಗೆ ಹಾಕಿ ಫಸ್ಟ್ ಗೇರಿನಲ್ಲಿ ಬಿಟ್ಟರೆ ಆಕ್ಸಲರೇಟರ್ ಮುಟ್ಟದೆ ಕಲ್ಲಿನ ಮೇಲೆ ನಡೆದುಕೊಂಡು ಹೋಗುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಇದನ್ನು ಒಮ್ಮೆ ಅನುಭವಿಸಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತು. ಒಂಬತ್ತು ವರ್ಷ ನನ್ನ ಹತ್ತಿರ ಇದೆ. ಮೀಟರ್ 2 ಲಕ್ಷ 36 ಸಾವಿರ ತೋರಿಸುತ್ತಿದೆ, ಅಷ್ಟೂ ನಿಜ, ಪ್ರತಿ ಬಿಲ್ಲಿನ ಮೇಲೆ ಆ ದಿನದ ಕಿಲೋಮೀಟರ್ ಬರೆದಿದೆ.

ಗಾಡಿ ನೀರಿಗೂ ಇಳಿದಿದೆ. ಇಲ್ಲೇ ನಾನು ಜಾಸ್ತಿ ಹೇಳಬೇಕಾಗಿರುವುದು.

ಓಡಿ ಬಂದ ಗಾಡಿಯ ಡಿಫರೆನ್ಷಿಯಲ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಬಿಸಿ. ಹಾಗೇ ತಣ್ಣನೆಯ ಹಳ್ಳಕ್ಕೆ ಇಳಿಸಿದರೆ ಆ ಗಾಳಿ ಒಮ್ಮೆಲೇ ಕುಗ್ಗುತ್ತದೆ, ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳುತ್ತದೆ. ಗಾಳಿ ಆಡಲು ಇಟ್ಟಿರುವ ಸಣ್ಣ ಕಿಂಡಿ, ಅಂದರೆ ಬ್ರೀದರ್, ನೀರಿನಲ್ಲಿ ಮುಳುಗಿದ್ದರೆ, ಇಲ್ಲಾ ಮಣ್ಣು ಕಟ್ಟಿ ಮುಚ್ಚಿದ್ದರೆ, ಒಳಗೆ ಹೋಗುವುದು ನೀರು. ಹೊರಗಿನಿಂದ ಏನೂ ಕಾಣುವುದಿಲ್ಲ. ಗಾಡಿ ಓಡುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ನೀರು ಬೆರೆತ ಎಣ್ಣೆಯಲ್ಲಿ ಗೇರುಗಳು ತಿರುಗಿ, ಬೇರಿಂಗಿಗೆ ತುಕ್ಕು ಹಿಡಿದು, ಒಂದು ದಿನ ಕೆಳಗಿನಿಂದ ಊಳಿಡುವ ಸದ್ದು ಬರುತ್ತದೆ. ಅಷ್ಟೊತ್ತಿಗೆ ಗಾಡಿ ಇನ್ನೊಬ್ಬರ ಹೆಸರಿನಲ್ಲಿರುತ್ತದೆ.

ನಾನು ಎರಡೂ ಆಕ್ಸಲ್, ಗೇರ್ ಬಾಕ್ಸ್, ಎರಡೂ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್, ಈ ನಾಲ್ಕರ ಬ್ರೀದರ್‌ಗೂ ಉದ್ದನೆಯ ಪೈಪ್ ಹಾಕಿ ಬಾನೆಟ್ ಒಳಗೆ ಎತ್ತರಕ್ಕೆ ತಂದು ಕಟ್ಟಿದ್ದೇನೆ. ನೀರಿಗೆ ಇಳಿದು ಬಂದ ಪ್ರತಿ ಸಲವೂ ಮರುದಿನ ಎಣ್ಣೆ ಬಸಿಯುವ ತಳದ ಪ್ಲಗ್ ಸಡಿಲ ಮಾಡಿ ಎಣ್ಣೆ ನೋಡಿದ್ದೇನೆ. ನೀರು ತಳದಲ್ಲಿ ಕೂತಿರುತ್ತದೆ, ಮೊದಲು ಹೊರಬರುವುದು ಅದೇ. ಒಮ್ಮೆ ಹಿಂದಿನ ಆಕ್ಸಲ್‌ನಲ್ಲಿ ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಬಂತು. ಅವತ್ತೇ ಖಾಲಿ ಮಾಡಿ ಹೊಸದು ಹಾಕಿ, ಸ್ವಲ್ಪ ಓಡಿಸಿ, ಅದನ್ನೂ ಚೆಲ್ಲಿ, ಮತ್ತೆ ಹೊಸದು ಹಾಕಿದೆ, ಸೀಲ್ ಬದಲಾಯಿಸಿದೆ. ಅದರ ಬಿಲ್ ಕೂಡ ಫೈಲಿನಲ್ಲಿದೆ. ಅದನ್ನು ನೋಡಿದ ಒಬ್ಬರು "ಓಹೋ, ಡಿಫರೆನ್ಷಿಯಲ್‌ಗೆ ನೀರು ಹೋಗಿತ್ತಾ" ಅಂತ ಮುಖ ಸಣ್ಣ ಮಾಡಿದರು. ನನಗೆ ನಿಜವಾಗಿಯೂ ಬೇಜಾರಾಯಿತು. ಆ ಬಿಲ್ ಇಲ್ಲದ ಗಾಡಿಗೆ ನೀರು ಹೋಗಿಲ್ಲ ಅಂತ ಅಲ್ಲ, ಯಾರೂ ತೆಗೆದು ನೋಡಿಲ್ಲ ಅಂತಲೂ ಇರಬಹುದು. ಹಾಗಾಗಿ ದಯವಿಟ್ಟು "ಆಫ್‌ರೋಡ್ ಹೋಗಿದ್ದೀರಾ" ಅಂತ ಕೇಳಿ ನಿಲ್ಲಿಸಬೇಡಿ. "ಹೋಗಿ ಬಂದ ಮೇಲೆ ಏನು ಮಾಡಿದಿರಿ" ಅಂತ ಕೇಳಿ. ಉತ್ತರ ಬರುವ ರೀತಿಯಲ್ಲೇ ಅರ್ಧ ಗಾಡಿ ಕಾಣುತ್ತದೆ.

ಹಾಗಂತ ಕೆಸರಿಗೆ ಇಳಿದ ಗಾಡಿಯೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಕೆಟ್ಟದಾಗಿ ಬಡಿದಾಡಿಸಿದ ಗಾಡಿಗಳು ಬೇಕಾದಷ್ಟಿವೆ. ಸಮುದ್ರದ ದಡದಲ್ಲಿ ಉಪ್ಪು ನೀರಿಗೆ ಇಳಿಸಿ ತೊಳೆಯದೆ ಬಿಟ್ಟದ್ದನ್ನು ನಾನಂತೂ ಮುಟ್ಟುವುದಿಲ್ಲ, ಎಷ್ಟು ಕಡಿಮೆಗೆ ಕೊಟ್ಟರೂ. ಚಾಸಿಸ್ ಒಳಗಿನಿಂದ ತಿನ್ನುತ್ತಾ ಬರುತ್ತದೆ ಆ ತುಕ್ಕು, ಹೊರಗೆ ಕಾಣುವಷ್ಟರಲ್ಲಿ ತುಂಬಾ ತಡವಾಗಿರುತ್ತದೆ. ಗಾಡಿ ಕೆಳಗೆ ಮಲಗಿ ನೋಡಿ. ಹಿಂದಿನ ಚಕ್ರಗಳ ಮೇಲ್ಭಾಗದ ಚಾಸಿಸ್, ಸ್ಪ್ರಿಂಗ್ ಹಿಡಿದಿರುವ ಜಾಗ, ಅಲ್ಲೆಲ್ಲ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಬಡಿದರೆ ಗಟ್ಟಿ ಲೋಹದ ಸದ್ದು ಬರಬೇಕು. ಕೆಳಗೆಲ್ಲ ಹೊಸದಾಗಿ ಕಪ್ಪು ಬಳಿದಿದ್ದರೆ ನನಗೆ ಅನುಮಾನ ಶುರುವಾಗುತ್ತದೆ. ಮಾರುವ ವಾರ ಅದನ್ನು ಬಳಿಯುವ ಅಗತ್ಯ ಏನಿತ್ತು?

ಮುಂದಿನ ಚಕ್ರದ ಹಿಂದೆ ಒಂದು ಗುಂಡು ಭಾಗ ಇದೆ, ಸ್ಟೀರಿಂಗ್ ನಕಲ್ ಅನ್ನುತ್ತೇವೆ. ಅದರ ಮೇಲೆ ತೆಳ್ಳಗೆ ಎಣ್ಣೆ ಸವರಿದ ಹಾಗಿದ್ದರೆ ಒಳ್ಳೆಯದೇ, ಇರಬೇಕಾದದ್ದೇ ಹಾಗೆ. ಕಪ್ಪು ನೀರಾದ ಗ್ರೀಸ್ ಚಕ್ರದ ಒಳಭಾಗಕ್ಕೆಲ್ಲ ಸೋರಿದ್ದರೆ ಆಕ್ಸಲ್ ಸೀಲ್ ಹೋಗಿದೆ, ಡಿಫರೆನ್ಷಿಯಲ್ ಎಣ್ಣೆ ಬಂದು ಗ್ರೀಸಿಗೆ ಸೇರುತ್ತಿದೆ ಅಂತ ಅರ್ಥ. ತೊಳೆದ ಗಾಡಿಯಲ್ಲಿ ಇದು ಕಾಣುವುದಿಲ್ಲ. ಅದಕ್ಕೇ ತೊಳೆಯದ ಗಾಡಿ ನೋಡಿ ಅನ್ನುವುದು.

ಇಂಜಿನ್ ತಣ್ಣಗಿರುವಾಗಲೇ ಹೋಗಿ. ಬಾನೆಟ್ ತೆಗೆದು ಕೈ ಇಟ್ಟು ನೋಡಿ, ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನು ಒತ್ತಿ ಬಿಸಿ ಮಾಡಿಯೇ ಇಂಧನ ಉರಿಯಬೇಕು, ಹಾಗಾಗಿ ಕಂಪ್ರೆಷನ್ ಕಡಿಮೆಯಾದ ಇಂಜಿನ್ ತನ್ನ ಕಷ್ಟವನ್ನು ಬೆಳಗಿನ ಮೊದಲ ಸ್ಟಾರ್ಟ್‌ನಲ್ಲೇ ತೋರಿಸಿಬಿಡುತ್ತದೆ. ತಣ್ಣಗಿನ ಇಂಜಿನ್ ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್‌ನ ದೀಪ ಆರಿದ ಮೇಲೆ ಕೀ ತಿರುಗಿಸಿದರೆ ತಕ್ಷಣ ಹಿಡಿಯಬೇಕು. ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆ ಇಲ್ಲ. ನೀಲಿ ಹೊಗೆ ಅಂದರೆ ಎಣ್ಣೆ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಲೇ ಇದ್ದು, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ವಾಪಸ್ ಬನ್ನಿ. ಆಮೇಲೆ ಐಡಲ್‌ನಲ್ಲಿ ಇಂಜಿನ್ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಮಗುಚಿ ಇಡಿ. ಸ್ವಲ್ಪ ನಡುಗಿದರೆ ಸರಿ. ಒಳಗಿನ ಗಾಳಿ ಅದನ್ನು ಹಾರಿಸಿದರೆ ಪಿಸ್ಟನ್ ರಿಂಗ್ ಸವೆದಿದೆ. ಎಣ್ಣೆ ಕಪ್ಪಗಿದೆ ಅಂತ ಮಾತ್ರ ಹೆದರಬೇಡಿ. ಡೀಸೆಲ್ ಮಸಿಯಿಂದ ಹೊಸ ಎಣ್ಣೆಯೂ ಬೇಗ ಕಪ್ಪಾಗುತ್ತದೆ. ಇದೊಂದಕ್ಕೇ ನನ್ನ ಗಾಡಿ ಬೇಡ ಅಂದವರೂ ಇದ್ದಾರೆ.

ಈ ಇಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ, 1 ಲಕ್ಷ ಕಿಲೋಮೀಟರ್‌ಗೆ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತಿ ನೆನಪಿಸುತ್ತದೆ. ದೀಪ ಹತ್ತಿಲ್ಲ ಅಂದರೆ ಬೆಲ್ಟ್ ಹೊಸದು ಅಂತ ನಂಬಬೇಡಿ, ಬಿಲ್ ಕೇಳಿ. ನನ್ನದು ಎರಡು ಸಲ ಬದಲಾಗಿದೆ, ಎರಡನೆಯದು 1 ಲಕ್ಷ 92 ಸಾವಿರದಲ್ಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂದರೆ 2019ರ 23ನೇ ವಾರದ ಟೈರ್. ಕಾಗದಪತ್ರ, ಚಾಸಿಸ್ ನಂಬರ್ ಎಲ್ಲ ನೀವೇ ತಾಳೆ ಹಾಕಿ ನೋಡಿಕೊಳ್ಳಿ.

ನನ್ನ ಗಾಡಿಯಲ್ಲಿ ಏನು ಸರಿ ಇಲ್ಲ ಅನ್ನುವುದನ್ನೂ ಹೇಳಬೇಕು. ತಣ್ಣಗಿರುವಾಗ ಸೆಕೆಂಡ್ ಗೇರ್ ಸ್ವಲ್ಪ ಕಚ್ಚುತ್ತದೆ, ಐದು ನಿಮಿಷ ಓಡಿದ ಮೇಲೆ ಸರಿಹೋಗುತ್ತದೆ. ಎಡಗಡೆ ಹಿಂದಿನ ಬಾಗಿಲ ಕೆಳಗೆ ಬಂಡೆ ತಾಗಿ ನೆಗ್ಗಿದೆ. ಎರಡೂ ಬದಿಯಲ್ಲಿ ಮುಳ್ಳುಕಂಟಿ ಗೀಚಿದ ಗೆರೆಗಳಿವೆ, ಪಾಲಿಶ್ ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಡ್ರೈವರ್ ಸೀಟಿನ ಬಟ್ಟೆ ಒಂದು ಕಡೆ ಸವೆದಿದೆ. ಏಸಿ ತಂಪು ಮಾಡಲು ಸಮಯ ತೆಗೆದುಕೊಳ್ಳುತ್ತದೆ. ಇಷ್ಟೇ. ಇದಕ್ಕಿಂತ ಜಾಸ್ತಿ ಏನಾದರೂ ನಿಮ್ಮ ಮೆಕ್ಯಾನಿಕ್‌ಗೆ ಕಂಡರೆ ನನಗೂ ಹೇಳಿ, ರಿಪೇರಿ ಮಾಡಿಸಿಯೇ ಕೊಡುತ್ತೇನೆ.

ಯಾಕೆ ಮಾರುತ್ತಿದ್ದೀರಿ ಅಂತಲೂ ಕೇಳುತ್ತಾರೆ. ಬೆನ್ನು ನೋವು. ಗಟ್ಟಿ ಸ್ಪ್ರಿಂಗಿನ ಗಾಡಿಯಲ್ಲಿ ದಿನವಿಡೀ ಕೂರುವುದು ಬೇಡ ಅಂತ ಡಾಕ್ಟರ್ ಹೇಳಿ ಒಂದು ವರ್ಷ ಆಯಿತು. ಕೊಡಲು ಮನಸ್ಸಾಗದೆ ಇಟ್ಟುಕೊಂಡಿದ್ದೆ. ಈಗ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ತಿಂಗಳಿಗೊಮ್ಮೆ ಹಬ್ ಹಾಕಿ ಹತ್ತಿರದ ಮಣ್ಣಿನ ದಾರಿಯಲ್ಲಿ ನಿಧಾನಕ್ಕೆ ಒಂದು ಸುತ್ತು ಹೋಗಿ ಬರುತ್ತೇನೆ. ಅಷ್ಟು ಸಾಲದು ಅದಕ್ಕೆ. ಸುಮ್ನೆ ನಿಂತು ಇದೂ ನನ್ನ ಹಿಂದಿನ ಗಾಡಿಯ ಹಾಗೆ ಆಗುವುದನ್ನು ನೋಡಲು ನನಗೆ ಇಷ್ಟವಿಲ್ಲ.

ನೋಡಲು ಬರುವವರು ಬೆಳಿಗ್ಗೆ ಬನ್ನಿ, ಹಿಂದಿನ ಸಂಜೆಯಿಂದ ಇಂಜಿನ್ ಸ್ಟಾರ್ಟ್ ಮಾಡಿರುವುದಿಲ್ಲ, ತೊಳೆದಿರುವುದೂ ಇಲ್ಲ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಕೆಳಗೆ ಮಲಗಬೇಕಾಗುತ್ತದೆ. ಚಾಪೆ, ಟಾರ್ಚ್, ಪ್ಲಗ್ ಬಿಚ್ಚಲು ಸ್ಪ್ಯಾನರ್, ಎಣ್ಣೆ ಹಿಡಿಯಲು ಒಂದು ಬಿಳಿ ಬಟ್ಟಲು ನಾನೇ ಇಟ್ಟಿರುತ್ತೇನೆ.