19 ಇಂಚಿನ ರಿಮ್ ನಮ್ಮ ಕಲಬುರಗಿಗಲ್ಲ

ಕಾರಿನ ಹುಚ್ಚಿರುವ ಗೆಳೆಯರು ಬೈದರೂ ಪರವಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದು ಕಲಬುರಗಿ, ಬೀದರ್, ಯಾದಗಿರಿ ಕಡೆ ಓಡಿಸುವವರು ದೊಡ್ಡ ರಿಮ್ಮಿನ ಆಸೆ ಬಿಡಬೇಕು. ಕಂಪನಿ ಒಪ್ಪಿದ ಅಳತೆಗಳಲ್ಲೇ ಚಿಕ್ಕದನ್ನು ಹಾಕಿಸಬೇಕು. ಉಳಿದ ದುಡ್ಡು ಒಳ್ಳೆ ಟೈರಿಗೆ, ಸವೆದ ಬುಷ್‌ಗಳಿಗೆ (ಸಸ್ಪೆನ್ಷನ್ ಕೀಲುಗಳ ರಬ್ಬರ್), ನಾಲ್ಕೂ ಚಕ್ರದ ಅಲೈನ್‌ಮೆಂಟಿಗೆ (ಚಕ್ರಗಳ ಕೋನ ಸರಿಪಡಿಸುವುದಕ್ಕೆ) ಹೋಗಬೇಕು. ಸೈಲೆನ್ಸರ್ ಸದ್ದು, ರಿಮ್ಯಾಪು (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು), ಸ್ಟಿಕ್ಕರು ಎಲ್ಲ ಆಮೇಲೆ.

ನನ್ನದು 2011ರ ಆಡಿ ಟಿಟಿ. ಹೈದರಾಬಾದಿನಿಂದ ತಂದದ್ದು. ಎನ್‌ಒಸಿ, ಟ್ಯಾಕ್ಸು, ಕೆಎ-32 ನಂಬರು ಅಂತ ಅಲೆದದ್ದು ಬೇರೆಯೇ ಕಥೆ, ಈಗ ಬೇಡ. ಹಿಂದಿನ ಓನರ್ ಶೋಕಿ ಮನುಷ್ಯ. 19 ಇಂಚಿನ ರಿಮ್ ಹಾಕಿಸಿದ್ದ, ಗಿಡ್ಡ ಸ್ಪ್ರಿಂಗ್ ಹಾಕಿಸಿ ಗಾಡಿಯನ್ನು ನೆಲಕ್ಕೆ ಇಳಿಸಿದ್ದ. ನಿಂತಾಗ ಚಂದ ಕಾಣುತ್ತಿತ್ತು, ಒಪ್ಪಲೇಬೇಕು. ಟೈರುಗಳಲ್ಲೂ ಹೊರಗಿನಿಂದ ನೋಡಿದರೆ ಗುಂಡಿ, ಅಂದರೆ ರಸ್ತೆ ಹಿಡಿಯುವ ರಬ್ಬರಿನ ಉಬ್ಬು, ಚೆನ್ನಾಗಿಯೇ ಉಳಿದಿತ್ತು.

ಕಪನೂರ ಕಡೆಯ ಟೈರ್ ಅಂಗಡಿಯ ಭಾಯ್ ಮಾತ್ರ ಹೊರಗೆ ನೋಡಲೇ ಇಲ್ಲ. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಮೊಣಕಾಲೂರಿ, ಒಳಅಂಚಿಗೆ ಮೊಬೈಲ್ ಟಾರ್ಚ್ ಹಿಡಿದರು. "ಸರ, ಹೊರಗ ಹೊಸಾದ್ ಅದಾವ. ಒಳಗ ತಾರ್ ಕಾಣಲಾಕತ್ತಾವ ನೋಡ್ರಿ." ಎರಡು ಬೆರಳಗಲದ ಪಟ್ಟಿಯಲ್ಲಿ ರಬ್ಬರ್ ಬೋಳಾಗಿತ್ತು. ಒಂದು ಕಡೆ ತುಕ್ಕು ಹಿಡಿದ ಸ್ಟೀಲ್ ಎಳೆ ಹೊರಗೆ ಇಣುಕಿತ್ತು. ಹಿಂದಿನ ಟೈರಿನ ಮೇಲೆ ಅಂಗೈ ಅಡ್ಡಡ್ಡ ಎಳೆದು ನೋಡ್ರಿ ಅಂದರು. ಹೊರಗಿನಿಂದ ಒಳಕ್ಕೆ ಎಳೆದರೆ ಸಾಫ್. ಒಳಗಿನಿಂದ ಹೊರಕ್ಕೆ ಎಳೆದರೆ ಗರಗಸದ ಹಲ್ಲಿನ ಹಾಗೆ ಕೈಗೆ ತಾಗುತ್ತಿತ್ತು.

ಗಾಡಿ ಇಳಿಸಿದ್ದರ ಫಲ ಇದು. ಸ್ಪ್ರಿಂಗ್ ಗಿಡ್ಡವಾದರೆ ಸಸ್ಪೆನ್ಷನ್ ಆರ್ಮ್‌ಗಳ (ಚಕ್ರವನ್ನು ಗಾಡಿಗೆ ಹಿಡಿದಿಡುವ ತೋಳುಗಳ) ಕೋನ ಬದಲಾಗುತ್ತದೆ. ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಅದು ನೆಗೆಟಿವ್ ಕ್ಯಾಂಬರ್. ಜೊತೆಗೆ ಟೋ ಕೂಡ ಸರಿಯುತ್ತದೆ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ನೇರ ಇರುವುದಿಲ್ಲ. ಬರೀ ಕ್ಯಾಂಬರ್ ಆದರೆ ಟೈರ್ ನಿಧಾನಕ್ಕೆ ಸವೆಯುತ್ತದೆ. ಟೋ ಕೆಟ್ಟರೆ ಹಾಗಲ್ಲ, ಟೈರ್ ಉರುಳುವಾಗಲೆಲ್ಲ ಸ್ವಲ್ಪ ಅಡ್ಡಕ್ಕೆ ಉಜ್ಜಿಕೊಂಡೇ ಹೋಗುತ್ತದೆ. ಎರಡೂ ಸೇರಿದರೆ ಒಳಅಂಚು ಉಳಿಯುವ ಮಾತೇ ಇಲ್ಲ. ಹಾಗಾಗಿ ಹಳೆ ಸ್ಪೋರ್ಟ್ಸ್ ಕಾರು ನೋಡಲು ಹೋದವರು ಬಾನೆಟ್ ಎತ್ತುವ ಮೊದಲು ಟೈರಿನ ಒಳಗಡೆ ಕೈ ಹಾಕಿ. ಸಸ್ಪೆನ್ಷನ್ ಹೇಗಿದೆ ಅನ್ನುವುದನ್ನು ಅದು ಓನರ್‌ಗಿಂತ ಚೆನ್ನಾಗಿ ಹೇಳುತ್ತದೆ.

ಈಗ ರಿಮ್ಮಿನ ಮಾತು. ನಮ್ಮದು ಎರೆಭೂಮಿ. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲಿನ ಡಾಂಬರ್ ಎಷ್ಟು ದಿನ ಸಮ ಇದ್ದೀತು? ಸೇಡಂ, ಚಿತ್ತಾಪುರ ಕಡೆ ಸಿಮೆಂಟ್ ಲಾರಿಗಳು ಓಡಾಡುವ ರಸ್ತೆಯಲ್ಲಿ ಒಮ್ಮೆ ಹೋಗಿ ಬನ್ನಿ, ಗೊತ್ತಾಗುತ್ತದೆ. ತಗ್ಗು ತಪ್ಪಿಸಿದರೆ ಹಂಪ್, ಅದಕ್ಕೂ ಬಣ್ಣ ಬಳಿದಿರುವುದಿಲ್ಲ. ಇಂಥ ಕಡೆ ರಿಮ್ ಕಾಯುವುದು ಟೈರಿನ ಪಕ್ಕದ ಗೋಡೆ, ಸೈಡ್‌ವಾಲ್.

ಲೆಕ್ಕ ನೋಡಿ. ಈ ಕಾರಿನ ಬೇರೆ ಬೇರೆ ಆವೃತ್ತಿಗಳಿಗೆ ಕಂಪನಿಯೇ 17, 18, 19 ಇಂಚಿನ ರಿಮ್ ಕೊಟ್ಟಿದೆ. 19ಕ್ಕೆ 255/35 ಟೈರ್. 255 ಮಿ.ಮೀ. ಅಗಲದ ನೂರಕ್ಕೆ 35, ಅಂದರೆ ಸೈಡ್‌ವಾಲ್ ಎತ್ತರ ಸುಮಾರು 89 ಮಿ.ಮೀ. 18ಕ್ಕೆ 245/40, ಸೈಡ್‌ವಾಲ್ 98. 17ಕ್ಕೆ 245/45, ಸೈಡ್‌ವಾಲ್ 110. ಅಂದರೆ 19 ಬಿಟ್ಟು 17ಕ್ಕೆ ಬಂದರೆ ರಿಮ್ಮಿಗೂ ತಗ್ಗಿಗೂ ನಡುವೆ ಎರಡು ಸೆಂಟಿಮೀಟರ್ ಹೆಚ್ಚು ರಬ್ಬರು, ಹವಾ ಸಿಗುತ್ತದೆ. ಚಕ್ರದ ಒಟ್ಟು ಎತ್ತರ ಮಾತ್ರ 17ಕ್ಕೂ 18ಕ್ಕೂ ಹೆಚ್ಚುಕಮ್ಮಿ ಒಂದೇ, 652-653 ಮಿ.ಮೀ. ಸ್ಪೀಡೋಮೀಟರ್‌ಗೆ ಏನೂ ಆಗುವುದಿಲ್ಲ. ದೊಡ್ಡ ಬ್ರೇಕ್ ಇರುವ ಆವೃತ್ತಿಯವರು ಮಾತ್ರ ಹುಷಾರು, ಚಿಕ್ಕ ರಿಮ್ ಕ್ಯಾಲಿಪರ್‌ಗೆ ತಾಗಬಹುದು.

ಸೈಡ್‌ವಾಲ್ ಗಿಡ್ಡ ಇದ್ದಾಗ ತಗ್ಗಿನ ಅಂಚು ಟೈರನ್ನು ರಿಮ್ಮಿಗೆ ಒತ್ತಿ ಹಿಚುಕುತ್ತದೆ. ಒಳಗಿನ ದಾರದ ಪದರ ಹರಿಯುತ್ತದೆ. ಹೊರಗೆ ಗುಳ್ಳೆ ಏಳುತ್ತದೆ. ಆ ಗುಳ್ಳೆಗೆ ಔಷಧಿ ಇಲ್ಲ, ಟೈರ್ ಎಸೆಯಬೇಕು. "ಪ್ಯಾಚ್ ಹಾಕಿ ಕೊಡ್ತೀನ್ರಿ" ಅನ್ನುವವರ ಮಾತು ಕೇಳಬೇಡಿ. ಬಿರುಕು ಬಿಟ್ಟ ಅಲಾಯ್ ರಿಮ್ಮಿಗೆ ವೆಲ್ಡಿಂಗ್ ಮಾಡಿಸುವುದೂ ಅಷ್ಟೇ, ನಾನಂತೂ ಮಾಡಿಸುವುದಿಲ್ಲ.

ನಮ್ಮ ಅಕ್ಕನ ಮಗನಿಗೆ ಇದು ಹಿಡಿಸಲಿಲ್ಲ. "ಮಾಮಾ, 17 ಹಾಕಿಸಿದ್ರ ಗಾಡಿ ಬಡಕಲು ಕಾಣ್ತದ" ಅಂದ. ಕಾಣಲಿ ಬಿಡು ಅಂದೆ. ಒಳಗೆ ಕೂತವನಿಗೆ ರಿಮ್ ಕಾಣುವುದಿಲ್ಲ, ಸೊಂಟಕ್ಕೆ ಮಾತ್ರ ಗೊತ್ತಾಗುತ್ತದೆ.

ಟೈರ್ ಆರಿಸುವಾಗ ನಾನು ಮೊದಲು ನೋಡುವುದು ಹೆಸರಲ್ಲ, ತಾರೀಖು. ಸೈಡ್‌ವಾಲ್ ಮೇಲೆ ಡಿಒಟಿ (DOT) ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಮ್ಮಂಥವರಿಗೆ ಇದು ಯಾಕೆ ಮುಖ್ಯ ಅಂದರೆ, 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದಿಗೆ ನಿರ್ಬಂಧ ಹಾಕಿತು. ಲೈಸೆನ್ಸ್ ಇಲ್ಲದೆ ತರಿಸುವ ಹಾಗಿಲ್ಲ. ಸಾಮಾನ್ಯ ಕಾರಿನ ಅಳತೆಗಳು ಇಲ್ಲೇ ತಯಾರಾಗುತ್ತವೆ, ತೊಂದರೆ ಇಲ್ಲ. ಸ್ಪೋರ್ಟ್ಸ್ ಕಾರಿನ ವಿಚಿತ್ರ ಅಳತೆಗಳಿಗೆ ಮಾತ್ರ ಅಂಗಡಿಯವರು ಗೋಡೌನಿನ ಮೂಲೆಯಿಂದ ಹಳೆ ಸ್ಟಾಕ್ ಎತ್ತಿ ಕೊಡುವ ಸಾಧ್ಯತೆ ಜಾಸ್ತಿ. ಒಂದು ಅಂಗಡಿಯಲ್ಲಿ ನನಗೂ ಹಾಗೇ ಕೊಡಲು ಬಂದರು. ಪ್ಲಾಸ್ಟಿಕ್ ಸುತ್ತಿತ್ತು, ಗುಂಡಿ ಪೂರ್ತಿ ಇತ್ತು, ತಾರೀಖು ನೋಡಿ ವಾಪಸ್ ಕೊಟ್ಟೆ. ನಮ್ಮ ಸೆಕೆಯಲ್ಲಿ ತಗಡಿನ ಗೋಡೌನಿನಲ್ಲಿ ಬಿದ್ದಿದ್ದ ರಬ್ಬರ್ ಓಡದೇನೇ ಗಟ್ಟಿಯಾಗುತ್ತದೆ. 17 ಇಂಚಿಗೆ ಬಂದದ್ದರ ಇನ್ನೊಂದು ಲಾಭ ಇದು: 245/45 ಹಳೆ ಮರ್ಸಿಡಿಸ್ ಇ ಕ್ಲಾಸ್‌ಗೂ ಬರುವ ಅಳತೆ. ಹೈದರಾಬಾದಿನಲ್ಲಿ ಆಯ್ಕೆ ಇರುತ್ತದೆ, ಸ್ಟಾಕೂ ಹೊಸದು.

ಆಮೇಲೆ ಲೋಡ್ ಮತ್ತು ಸ್ಪೀಡ್ ಗುರುತು. 95ಡಬ್ಲ್ಯೂ ಅಂತ ಇದ್ದರೆ ಒಂದು ಟೈರ್ 690 ಕೆ.ಜಿ. ಹೊರುತ್ತದೆ, ಗಂಟೆಗೆ 270 ಕಿ.ಮೀ.ವರೆಗೆ ತಾಳುತ್ತದೆ. ವಿ ಅಂದರೆ 240, ವೈ ಅಂದರೆ 300. "ಹುಮನಾಬಾದ್ ರಸ್ತೆಯಲ್ಲಿ 240 ಯಾರು ಹೊಡೀತಾರೆ" ಅಂತ ಕಮ್ಮಿ ರೇಟಿಂಗಿನ ಟೈರ್ ಹಾಕಿಸುವವರಿದ್ದಾರೆ. ಸ್ಪೀಡ್ ರೇಟಿಂಗ್ ಅಂದರೆ ಬಿಸಿ ತಡೆಯುವ ಶಕ್ತಿಯ ಲೆಕ್ಕವೂ ಹೌದು. ಏಪ್ರಿಲ್-ಮೇ ತಿಂಗಳಲ್ಲಿ 43-44 ಡಿಗ್ರಿ ಕಾಣುವ ಊರಿನಲ್ಲಿ ಅದರಲ್ಲಿ ಚೌಕಾಸಿ ಬೇಡ.

ಟ್ರೆಡ್‌ವೇರ್ ಅಂಕಿ, ಅಂದರೆ ಟೈರ್ ಎಷ್ಟು ಬಾಳುತ್ತದೆ ಅನ್ನುವ ಅಂದಾಜು, 200ರ ಆಸುಪಾಸು ಇದ್ದರೆ ಮೆತ್ತನೆ ರಬ್ಬರು. ಹಿಡಿತ ಭರ್ಜರಿ, ಬಾಳಿಕೆ ಕಡಿಮೆ. 300 ದಾಟಿದ್ದು ನಮ್ಮ ಬಳಕೆಗೆ ಸಾಕು. ಈ ಅಂಕಿಯನ್ನು ಕಂಪನಿಗಳೇ ಕೊಟ್ಟುಕೊಳ್ಳುವುದರಿಂದ ಒಂದು ಬ್ರಾಂಡಿಗೂ ಇನ್ನೊಂದಕ್ಕೂ ಹೋಲಿಸುವಾಗ ಪೂರ್ತಿ ನಂಬಬೇಡಿ. ನಾನು ಹಾಕಿಸಿದ್ದು ಮಿಶೆಲಿನ್ ಪೈಲಟ್ ಸ್ಪೋರ್ಟ್ 4. ಬಜೆಟ್ ಕಮ್ಮಿ ಇದ್ದರೆ ಯೊಕೊಹಾಮಾ ನೋಡಬಹುದು. ಅಪೊಲೊದವರು 2009ರಲ್ಲಿ ಕೊಂಡ ಡಚ್ ಬ್ರಾಂಡ್ ವ್ರೆಡೆಸ್ಟೈನ್ ಕೂಡ ನೋಡಬಹುದು. ನನ್ನ ಗಾಡಿ ಕ್ವಾಟ್ರೊ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಮುಂದೆ ಹೊಸದು, ಹಿಂದೆ ಬೋಳು ಟೈರ್ ಇದ್ದರೆ ಸುತ್ತಳತೆ ಬೇರೆಯಾಗಿ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಕ್ಲಚ್ ಸುಮ್ನೆ ದುಡಿಯುತ್ತಲೇ ಇರುತ್ತದೆ. ಅದಕ್ಕೇ ನಾಲ್ಕೂ ಒಟ್ಟಿಗೆ ಬದಲಿಸಿದ್ದು. ಎರಡು ಚಕ್ರ ಎಳೆಯುವ ಗಾಡಿಗೆ ಎರಡೇ ಹೊಸದು ಹಾಕಿಸುವಿರಾದರೆ ಹಿಂದಕ್ಕೆ ಹಾಕಿಸಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್‌ಗಳು ಹೊಲದಿಂದ ರಸ್ತೆಗೆ ಎಳೆದು ತಂದ ಎರೆಮಣ್ಣಿನ ಮೇಲೆ ಹಿಂದಿನ ಚಕ್ರ ಜಾರಿತೆಂದರೆ ಸ್ಟೇರಿಂಗ್ ಹಿಡಿದವನ ಕೈಯಲ್ಲಿ ಏನೂ ಇರುವುದಿಲ್ಲ.

ಹವಾ ವಿಷಯದಲ್ಲಿ ನಮ್ಮ ಕಡೆ ಒಂದು ದೊಡ್ಡ ಭ್ರಮೆ ಇದೆ. ಬೇಸಿಗೆಯಲ್ಲಿ ಟೈರ್ ಸಿಡಿಯುತ್ತದೆ, ಹವಾ ಕಮ್ಮಿ ಇಡಬೇಕು ಅಂತ. ಉಲ್ಟಾ ರೀ ಅದು. ಹವಾ ಕಮ್ಮಿ ಇದ್ದಾಗ ಸೈಡ್‌ವಾಲ್ ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತದೆ. ಮಡಚಿದಷ್ಟೂ ಬಿಸಿ. ಬಿಸಿಯಿಂದಲೇ ಸಿಡಿಯುವುದು. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಟೈರ್ ತಣ್ಣಗಿದ್ದಾಗ, ಕಂಪನಿ ಹೇಳಿದಷ್ಟು ಇಡಿ. ಹೈವೇಯಲ್ಲಿ ಓಡಿ ನಾಲ್ಕೈದು ಪಿಎಸ್‌ಐ ಏರಿದ್ದನ್ನು ನೋಡಿ ಗಾಬರಿಯಿಂದ ಬಿಡಬೇಡಿ. ಅದು ಏರಬೇಕಾದದ್ದೇ. ನೈಟ್ರೋಜನ್ ತುಂಬಿಸುವುದು ನಿಮ್ಮಿಷ್ಟ, ಮಾಮೂಲಿ ಗಾಳಿಯಲ್ಲೇ ಅದು 78 ಭಾಗ ಇದೆ.

ಇನ್ನು ಅಲೈನ್‌ಮೆಂಟ್. ನನಗೆ ಸಿಟ್ಟು ಬರುವುದು ಇಲ್ಲೇ. ಬಹಳ ಅಂಗಡಿಗಳಲ್ಲಿ ಅಲೈನ್‌ಮೆಂಟ್ ಅಂದರೆ ಮುಂದಿನ ಟೈ ರಾಡ್ (ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಸರಳು) ತಿರುವಿ, ಪರದೆಯ ಮೇಲೆ ಎರಡು ಹಸಿರು ಬಣ್ಣ ತೋರಿಸಿ, ದುಡ್ಡು ಇಸ್ಕೊಳ್ಳುವುದು. ಹಿಂದಿನ ಚಕ್ರದ ಅಂಕಿ ಕೆಂಪಗೇ ಇರುತ್ತದೆ. ಕೇಳಿದರೆ "ಹಿಂದಿಂದು ಅಡ್ಜಸ್ಟ್ ಆಗಲ್ರಿ" ಅನ್ನುತ್ತಾರೆ. ಸಣ್ಣ ಕಾರುಗಳಿಗೆ ಅದು ನಿಜ ಇರಬಹುದು, ಅವುಗಳ ಹಿಂದಿನ ಆಕ್ಸಲ್ ಒಂದೇ ತುಂಡು. ಟಿಟಿಯಂಥ ಗಾಡಿಗೆ ಹಿಂದೆಯೂ ಬೇರೆ ಬೇರೆ ಆರ್ಮ್‌ಗಳಿವೆ. ಟೋ, ಕ್ಯಾಂಬರ್ ಎರಡಕ್ಕೂ ತಿರುಗಿಸುವ ಬೋಲ್ಟ್ ಇದೆ. ಹಳೆ ಗಾಡಿಯಲ್ಲಿ ಅವು ತುಕ್ಕು ಹಿಡಿದು ಜಾಮ್ ಆಗಿರುತ್ತವೆ, ಬಿಡಿಸಲು ಎಣ್ಣೆ, ಬಿಸಿ, ತಾಳ್ಮೆ ಮೂರೂ ಬೇಕು. ಆಗಲ್ಲ ಅನ್ನುವುದರ ಅರ್ಥ ಬಹಳ ಸಲ ಟೈಮ್ ಇಲ್ಲ ಅಂತ.

ಮಷಿನ್ ಹತ್ತಿಸುವ ಮೊದಲು ಬುಷ್, ಬಾಲ್ ಜಾಯಿಂಟ್ (ಆರ್ಮ್ ಚಕ್ರಕ್ಕೆ ಕೂಡುವ ಕೀಲು), ಟೈ ರಾಡ್ ತುದಿ ನೋಡಿಸಿ. ನನ್ನ ಗಾಡಿಯ ಮುಂದಿನ ಲೋವರ್ ಆರ್ಮಿನ ಬುಷ್ ಹರಿದಿತ್ತು. ಕಬ್ಬಿಣದ ಪಟ್ಟಿ ಹಾಕಿ ಒತ್ತಿದರೆ ಆರ್ಮ್ ಕುಣಿಯುತ್ತಿತ್ತು. ಅಂಥದ್ದಕ್ಕೆ ಅಲೈನ್‌ಮೆಂಟ್ ಮಾಡಿಸಿದರೆ ಮಷಿನ್ ಮೇಲೆ ನಿಂತಾಗಷ್ಟೇ ಅಂಕಿ ಸರಿ. ಮೊದಲ ಬ್ರೇಕಿಗೇ ಚಕ್ರ ಬೇರೆ ಕಡೆ ನೋಡುತ್ತದೆ. ಬುಷ್ ಬದಲಿಸಿ, ಗಿಡ್ಡ ಸ್ಪ್ರಿಂಗ್ ಬಿಚ್ಚಿಸಿ ಕಂಪನಿ ಸ್ಪ್ರಿಂಗ್ ಕೂರಿಸಿದ ಮೇಲೆ ಹೈದರಾಬಾದಿಗೆ ಹೋಗಿ ನಾಲ್ಕೂ ಚಕ್ರ ಮಾಡಿಸಿದೆ. ಅಲ್ಲಿನ ಅಂಗಡಿಯ ಹುಡುಗ ಹಿಂದಿನಿಂದ ಶುರು ಮಾಡಿದ, ಅದು ಸರಿಯಾದ ಕ್ರಮ. ಹಿಂದಿನ ಚಕ್ರಗಳು ಗಾಡಿಯನ್ನು ಎತ್ತ ತಳ್ಳುತ್ತವೆ ಅನ್ನುವುದು ಮೊದಲು ಸರಿಯಾಗಬೇಕು, ಮುಂದಿನದು ಅದಕ್ಕೆ ಹೊಂದಬೇಕು. ಇಲ್ಲವಾದರೆ ಗಾಡಿ ನೇರ ಹೋಗುತ್ತದೆ, ಸ್ಟೇರಿಂಗ್ ಸೊಟ್ಟ ನಿಂತಿರುತ್ತದೆ. ಮುಂದಿನ ಕ್ಯಾಂಬರ್ ಎಡಕ್ಕೊಂದು ಬಲಕ್ಕೊಂದು ಇತ್ತು. ಅದಕ್ಕೆ ಅಲ್ಲಿ ಸ್ಕ್ರೂ ಇಲ್ಲ, ಸಬ್‌ಫ್ರೇಮ್ (ಮುಂದಿನ ಆರ್ಮ್‌ಗಳು ಕೂರುವ ಚೌಕಟ್ಟು) ಬೋಲ್ಟ್ ಸಡಿಲಿಸಿ ಸ್ವಲ್ಪ ಸರಿಸಬೇಕು. ಕೊನೆಗೆ ಸ್ಟೇರಿಂಗ್ ಎಷ್ಟು ತಿರುಗಿದೆ ಅಂತ ಗಾಡಿಗೆ ಹೇಳುವ ಆಂಗಲ್ ಸೆನ್ಸರ್ ಸೊನ್ನೆಗೆ ತಂದ. ಮೊದಲಿನ ಅಂಕಿ, ಆಮೇಲಿನ ಅಂಕಿ ಎರಡೂ ಇರುವ ಪ್ರಿಂಟ್ ಕೊಟ್ಟ. ಪ್ರಿಂಟ್ ಕೊಡದ ಕಡೆ ದುಡ್ಡು ಕೊಡಬೇಡಿ.

ಅಲೈನ್‌ಮೆಂಟ್ ಆದ ಮೇಲೂ ಗಾಡಿ ಒಂದು ಕಡೆ ಎಳೆದರೆ ತಕ್ಷಣ ಅಂಗಡಿಯವರ ಜೊತೆ ಜಗಳ ಬೇಡ. ಮುಂದಿನ ಎರಡು ಟೈರ್ ಅದಲುಬದಲು ಮಾಡಿ ನೋಡಿ. ಎಳೆತ ಕಡೆ ಬದಲಿಸಿದರೆ ತಪ್ಪು ಟೈರಿನದ್ದು. ಒಂದೇ ದಿಕ್ಕಿಗೆ ತಿರುಗುವ ಬಾಣದ ಗುರುತಿನ ಟೈರ್ ಆದರೆ ಇದನ್ನು ಮಾಡಬೇಡಿ.

ಕಡೆಗೆ ಒಂದು ಸಹಾಯ ಬೇಕು. ಬೀದರಿನ ಗೆಳೆಯನೊಬ್ಬ ಹಳೆ ಪೋರ್ಷೆ ಬಾಕ್ಸ್‌ಸ್ಟರ್ ಮೇಲೆ ಕಣ್ಣಿಟ್ಟಿದ್ದಾನೆ. ಅದರ 18 ಇಂಚಿನ ಸೆಟ್‌ನಲ್ಲಿ ಮುಂದೆ 235, ಹಿಂದೆ 265. ಸವೆತ ಸಮ ಮಾಡಲು ಹಿಂದುಮುಂದು ಅದಲುಬದಲು ಮಾಡುವ ಹಾಗೂ ಇಲ್ಲ, ಹಾಗಾಗಿ ಅಲೈನ್‌ಮೆಂಟ್ ಇನ್ನೂ ಕರಾರುವಾಕ್ಕಾಗಿರಬೇಕು. ಪ್ರತಿ ಸಲ ಹೈದರಾಬಾದಿಗೆ ಹೋಗು ಅಂತ ಹೇಳಲು ನನಗೆ ಮನಸ್ಸಿಲ್ಲ. ಕಲಬುರಗಿಯಲ್ಲೋ ಬೀದರಿನಲ್ಲೋ ಹಿಂದಿನ ಬೋಲ್ಟ್ ಬಿಡಿಸುವ ತಾಳ್ಮೆ ಇರುವ ಕೈಗಳು ಯಾರಿಗಾದರೂ ಗೊತ್ತಿದ್ದರೆ ಹೇಳಿ.