‘ಕಾರ್ಮಿಕನ ಅಜಾಗರೂಕತೆ’ ಅಂತ ಬರೆದು ಫೈಲ್ ಮುಚ್ಚೋರಿಗೆ

ಎಂಟು ವರ್ಷದ ಹಿಂದಿನ ಮಾತು. ಪೀಣ್ಯ ಕಡೆ ಒಂದು ಶೀಟ್ ಮೆಟಲ್ ಫ್ಯಾಕ್ಟರಿಲಿ ನಾನು ಸೇಫ್ಟಿ ನೋಡ್ಕೊಳ್ತಿದ್ದೆ. ಸೆಕೆಂಡ್ ಶಿಫ್ಟಲ್ಲಿ ಪವರ್ ಪ್ರೆಸ್‌ಗೆ (ಶೀಟನ್ನ ಒತ್ತಿ ಆಕಾರ ಕೊಡೋ ಮೆಷಿನ್) ಸಿಕ್ಕಿ ಸಿಂಧನೂರು ಕಡೆಯ ಒಬ್ಬ ಕಾಂಟ್ರಾಕ್ಟ್ ಹುಡುಗನ ಬಲಗೈಯ ಎರಡು ಬೆರಳು ಹೋಯ್ತು. ನಾನು ಆಸ್ಪತ್ರೆ ಸೇರೋ ಹೊತ್ತಿಗೆ ರಾತ್ರಿ ಹನ್ನೊಂದು. ಅವನು ನನ್ನ ನೋಡಿದ ತಕ್ಷಣ ನೋವು ಅನ್ಲಿಲ್ಲ, ‘ಸರ, ನಂದ ತಪ್ಪ ಆಗೇತ್ರಿ, ಕೆಲ್ಸದಿಂದ ಮಾತ್ರ ತೆಗೀಬ್ಯಾಡ್ರಿ’ ಅಂದ. ನಾನಿನ್ನೂ ಏನೂ ಕೇಳಿರ್ಲಿಲ್ಲ. ಆಮೇಲೆ ಗೊತ್ತಾಯ್ತು, ನನಗಿಂತ ಮುಂಚೆನೇ ಯಾರೋ ಬಂದು ಹೇಳಿಕೆ ಬರ್ಕೊಂಡು ಹೋಗಿದ್ರು, ‘ನನ್ನ ಸ್ವಂತ ಅಜಾಗರೂಕತೆಯಿಂದ’ ಅಂತ ಶುರುವಾಗೋ ಕಾಗದ, ಬಲಗೈಗೆ ಬ್ಯಾಂಡೇಜ್ ಇದ್ದಿದ್ರಿಂದ ಎಡಗೈ ಹೆಬ್ಬೆಟ್ಟು ಒತ್ತಿಸ್ಕೊಂಡು. ಪಿಯುಸಿ ಓದಿದ್ದ ಹುಡುಗ ಅವನು.

ಬೆಳಿಗ್ಗೆ ಬೇಗ ಪ್ಲಾಂಟಿಗೆ ಹೋದೆ. ಪ್ರೆಸ್ ಆಗ್ಲೇ ಓಡ್ತಿತ್ತು, ನೆಲ ತೊಳೆದಿದ್ರು, ಇನ್ನೊಬ್ಬ ಹುಡುಗ ಅದೇ ಸ್ಟೂಲ್ ಮೇಲೆ ಕೂತಿದ್ದ. ಗಾಡಿ ಲೋಡ್ ಆಗ್ಬೇಕು ಅನ್ನೋದೊಂದೇ ಉತ್ತರ. ಆಕ್ಸಿಡೆಂಟ್ ಆದ ಮೇಲೆ ಮೊದ್ಲು ಗಾಯಾಳುನ ಕಳಿಸ್ಬೇಕು, ಮೇನ್ ಆಫ್ ಮಾಡ್ಬೇಕು, ಆಮೇಲೆ ಫೋಟೋ ತೆಗೆಯೋವರೆಗೂ ಯಾರೂ ಏನೂ ಮುಟ್ಬಾರ್ದು. ಇಷ್ಟೇ ಇಷ್ಟು ಆಗಿದ್ರೂ ಅರ್ಧ ತನಿಖೆ ಮುಗಿದಂಗೆ, ಆದ್ರೆ ಅದೊಂದೇ ನಮ್ಮಲ್ಲಿ ಆಗಲ್ಲ.

ಮೆಷಿನ್ ನಿಲ್ಲಿಸಿ ಪ್ಯಾನೆಲ್ ತೆಗೆಸಿದ್ರೆ ಲೈಟ್ ಕರ್ಟನ್‌ಗೆ ಜಂಪರ್ ವೈರ್ ಹಾಕಿದ್ರು. ಕೈ ಅಡ್ಡ ಬಂದ್ರೆ ಪ್ರೆಸ್ ನಿಲ್ಲಿಸಬೇಕಾದ್ದೇ ಆ ಕರ್ಟನ್, ಜಂಪರ್ ಹಾಕಿದ್ರೆ ಅದು ಇದ್ದೂ ಇಲ್ಲದಂಗೆ. ಯಾಕೆ ಬೈಪಾಸ್ ಅಂದ್ರೆ ಸುಮ್ ಸುಮ್ನೆ ಟ್ರಿಪ್ ಆಗ್ತಿತ್ತು, ಹೊಸ ಸೆನ್ಸಾರ್‌ಗೆ ಮೇಂಟೆನೆನ್ಸ್‌ನವರು ಇಂಡೆಂಟ್ (ತರಿಸಿಕೊಡಿ ಅನ್ನೋ ಚೀಟಿ) ಹಾಕಿ ಮೂರು ವಾರ ಆಗಿತ್ತು, ಪರ್ಚೇಸಲ್ಲಿ ಕೂತಿತ್ತು. ಸರಿ, ಹುಡುಗ ಕೈ ಹಾಕಿದ್ದು ಯಾಕೆ? ಪೀಸ್ ಡೈಯಲ್ಲೇ, ಅಂದ್ರೆ ಅಚ್ಚಲ್ಲೇ, ಅಂಟ್ಕೊಳ್ತಿತ್ತು. ಯಾಕೆ ಅಂಟ್ಕೊಳ್ತಿತ್ತು? ಪೀಸನ್ನ ಹೊರಗೆ ತಳ್ಳೋ ಎಜೆಕ್ಟರ್ ಸ್ಪ್ರಿಂಗ್ ಸೋತು ಹೋಗಿತ್ತು. ಟೂಲ್ ರೂಮಿಗೆ ಗೊತ್ತಿತ್ತಾ? ಗೊತ್ತಿತ್ತು, ಈ ಲಾಟ್ ಮುಗೀಲಿ ಆಮೇಲೆ ಬಿಚ್ಚೋಣ ಅಂದಿದ್ರು. ಅಂದ್ರೆ ಆ ದಿನ ಆ ಪ್ರೆಸ್ ಮುಂದೆ ಯಾರೇ ಕೂತಿದ್ರೂ ಪ್ರತಿ ನಾಲ್ಕೈದು ಪೀಸಿಗೊಂದ್ಸಲ ಕೈ ಒಳಗೆ ಹಾಕ್ಲೇಬೇಕಿತ್ತು, ಹಾಕದೇ ಇದ್ರೆ ಗಂಟೆಗಿಷ್ಟು ಪೀಸ್ ಅನ್ನೋ ಕೌಂಟ್ ಬರ್ತಿರ್ಲಿಲ್ಲ, ಕೌಂಟ್ ಬರ್ಲಿಲ್ಲ ಅಂದ್ರೆ ಬೈಗುಳ.

ಇದನ್ನೆಲ್ಲ ಬರೆದೆ. ಕೊನೆಗೆ ಹೋದ ರಿಪೋರ್ಟಲ್ಲಿ ಕಾರಣದ ಜಾಗದಲ್ಲಿ ‘ಆಪರೇಟರ್ ಕೈ ಹಾಕಿದ್ದು’, ಪರಿಹಾರದ ಜಾಗದಲ್ಲಿ ‘ಮರು ತರಬೇತಿ’. ಅದಕ್ಕೆ ನಾನೂ ಸೈನ್ ಹಾಕಿದೀನಿ. ಅದರ ಭಾರ ಇವತ್ತಿಗೂ ಇಳಿದಿಲ್ಲ, ಅದಕ್ಕೇ ಇದನ್ನ ಬರೀತಿರೋದು.

ನೂರಕ್ಕೆ 88 ಅಪಘಾತ ಕೆಲಸಗಾರರ ತಪ್ಪಿಂದಲೇ ಆಗೋದು ಅಂತ ಇವತ್ತಿಗೂ ಟ್ರೇನಿಂಗಲ್ಲಿ ಸ್ಲೈಡ್ ಹಾಕ್ತಾರೆ. ಅಮೆರಿಕದಲ್ಲಿ ಇನ್ಶೂರೆನ್ಸ್ ಕಂಪನಿಲಿದ್ದ ಹರ್ಬರ್ಟ್ ಹೈನ್ರಿಕ್ 1931ರಲ್ಲಿ ಕೊಟ್ಟ ಲೆಕ್ಕ ಅದು. ಯಾವುದರ ಮೇಲೆ ಕೊಟ್ರು? ಇನ್ಶೂರೆನ್ಸ್ ಫೈಲು, ಫ್ಯಾಕ್ಟರಿಯವರೇ ಇಟ್ಕೊಂಡಿದ್ದ ದಾಖಲೆ. ಬರೆಯೋರೇ ಹುಡುಗನ ತಪ್ಪು ಅಂತ ಬರೆದ್ರೆ ಲೆಕ್ಕ ಇನ್ನೇನು ಬರುತ್ತೆ ಹೇಳಿ. ಆ ಎಡಗೈ ಹೆಬ್ಬೆಟ್ಟಿನ ಕಾಗದಾನೂ ಒಂದು ಲೆಕ್ಕಕ್ಕೆ ಸೇರೇ ಸೇರಿರುತ್ತೆ.

ಇನ್ನೊಂದು ಹೇಳ್ಬೇಕು. 1948ರ ಫ್ಯಾಕ್ಟರಿ ಕಾಯ್ದೆಯ 88ನೇ ಸೆಕ್ಷನ್ ಪ್ರಕಾರ ಗಾಯ ಆದವನು 48 ಗಂಟೆ ಕೆಲಸಕ್ಕೆ ಬರೋಕಾಗ್ಲಿಲ್ಲ ಅಂದ್ರೆ ಇಲಾಖೆಗೆ ತಿಳಿಸ್ಬೇಕಿತ್ತು. ಒಳ್ಳೆ ನಿಯಮ. ಆದ್ರೆ ಹೊಲಿಗೆ ಹಾಕಿದ ಕೈ ಇಟ್ಕೊಂಡಿರೋನ್ನ ಮಾರನೇ ದಿನ ಕಾರಲ್ಲಿ ಕರ್ಕೊಂಡು ಬಂದು ಸೆಕ್ಯೂರಿಟಿ ರೂಮಲ್ಲಿ ಕೂರಿಸಿ ಹಾಜರಿ ಹಾಕಿಸೋದನ್ನ ನಾನು ಕಣ್ಣಾರೆ ನೋಡಿದೀನಿ. ಆಮೇಲೆ ಗೇಟ್ ಬೋರ್ಡ್ ಮೇಲೆ ‘ಅಪಘಾತವಿಲ್ಲದ ದಿನಗಳು’ ಮುಂದುವರಿಯುತ್ತೆ. ಅಲ್ಲಿ ತನಿಖೆ ಅನ್ನೋದೇ ಇಲ್ಲ, ಯಾಕಂದ್ರೆ ಕಾಗದದಲ್ಲಿ ಏನೂ ಆಗೇ ಇಲ್ಲ.

2022ರ ಏಪ್ರಿಲಲ್ಲಿ ಮಂಗಳೂರು ಬಜ್ಪೆ ಎಸ್‌ಇಜೆಡ್‌ನ (ವಿಶೇಷ ಆರ್ಥಿಕ ವಲಯ) ಮೀನು ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯದ ಟ್ಯಾಂಕಿಗೆ ಒಬ್ಬ ಬಿದ್ದ, ಅವನ್ನ ಎತ್ತೋಕೆ ಉಳಿದವರು ಇಳಿದ್ರು, ಪಶ್ಚಿಮ ಬಂಗಾಳದಿಂದ ದುಡಿಯೋಕೆ ಬಂದಿದ್ದ ಐದು ಜನ ಹೋದ್ರು. ಆವಾಗ ಎಷ್ಟೋ ಜನ ‘ಹಂಗೆ ಇಳೀಬಾರ್ದಿತ್ತು’ ಅಂದಿದ್ದು ಕೇಳಿದೆ. ಜೊತೆಲಿದ್ದೋನು ಕಣ್ಮುಂದೆ ಮುಳುಗ್ತಿದ್ರೆ ಮನುಷ್ಯ ಇಳಿದೇ ಇಳೀತಾನೆ ರೀ, ಅದು ತಪ್ಪಲ್ಲ. ಇಂಥಾ ಯಾವ ಟ್ಯಾಂಕಾದ್ರೂ ಕೇಳಬೇಕಾದ್ದು ಬೇರೆ. ಒಳಗಿನ ಗಾಳಿ ವಿಷಾನಾ ಅಂತ ಅಳೆಯೋ ಮೀಟರ್ ಇತ್ತಾ, ಮೇಲಿಂದ ಎಳೆಯೋ ಹಗ್ಗ ಬೆಲ್ಟು ಇತ್ತಾ, ಅವರಿಗೆ ಅರ್ಥ ಆಗೋ ಭಾಷೇಲಿ ಯಾರಾದ್ರೂ ಯಾವತ್ತಾದ್ರೂ ಹೇಳಿದ್ರಾ.

ಈಗಿರೋ ಕಡೆ ನಾನು ಏನೇ ಆದ್ರೂ ಮೊದ್ಲು ‘ನಿನ್ನ ಕೆಲಸಕ್ಕೆ ಏನೂ ಆಗಲ್ಲ’ ಅಂತ ಮ್ಯಾನೇಜರ್ ಬಾಯಿಂದಲೇ ಹೇಳಿಸ್ತೀನಿ, ಆಮೇಲೇನೇ ಪ್ರಶ್ನೆ. ಯಾರು ಅಂತ ಕೇಳಲ್ಲ, ದಿನಾ ಈ ಕೆಲಸ ಹೆಂಗೆ ಮಾಡ್ತೀಯಪ್ಪ, ಒಂದ್ಸಲ ತೋರಿಸು ಅಂತ ಕೇಳ್ತೀನಿ, ಮೆಷಿನ್ ಆಫ್ ಇರೋವಾಗ. ಅಷ್ಟು ಕೇಳಿದ್ರೆ ಸಾಕು, ಎಸ್‌ಒಪಿಲಿ (ಕೆಲಸ ಹೆಂಗೆ ಮಾಡ್ಬೇಕು ಅಂತ ಬರೆದಿಟ್ಟ ಕಾಗದ) ಇಲ್ಲದ ಹತ್ತು ವಿಷಯ ತಾವಾಗೇ ಹೊರಗೆ ಬರ್ತವೆ. ಪರಿಹಾರದ ಜಾಗದಲ್ಲಿ ಬರೀ ‘ತರಬೇತಿ’ ಅಂತಿದ್ರೆ ವಾಪಸ್ ಕಳಿಸ್ತೀನಿ, ಮೆಷಿನಲ್ಲಿ ಏನು ಬದಲಾಯ್ತು ಬರೀರಿ ಅಂತ.

ಪೀಣ್ಯ, ಬೊಮ್ಮಸಂದ್ರ, ದಾಬಸ್‌ಪೇಟೆ ಕಡೆ ಕೆಲಸ ಮಾಡೋರು ಒಂದು ಹೇಳಿ. ಆಕ್ಸಿಡೆಂಟ್ ರಿಪೋರ್ಟ್ ಇಂಗ್ಲಿಷಲ್ಲಿ ಟೈಪಾಗಿ ಮೇಲಕ್ಕೆ ಹೋಗುತ್ತಲ್ಲ, ಅದನ್ನ ಗಾಯ ಆದವನ ಎದುರು ಕೂತು, ಅವನ ಭಾಷೇಲಿ ಯಾರಾದ್ರೂ ಓದಿ ಹೇಳಿದಾರಾ? ‘ಹಿಂಗೇ ಆಗಿದ್ದಾ ತಮ್ಮಾ?’ ಅಂತ ಕೇಳಿದಾರಾ? ಸಿಂಧನೂರಿನ ಹುಡುಗನಿಗೆ ನಾನು ಕೇಳಿರ್ಲಿಲ್ಲ.